ಬಾಖ್ ಮಹಾಶಯನೂ ನಮ್ಮ ಕಾಲುಪೇಟಿಯೂ

ಪಾಶ್ಚಾತ್ಯ ಸಂಗೀತವೆಂದರೆ ಬರೀ ಗದ್ದಲ ಎಂಬ ಅಭಿಪ್ರಾಯ ನನಗೆ ಪಿತ್ರಾರ್ಜಿತವಾಗಿ ಬಂದದ್ದು. ಹೊಲ ಮನೆಗಳ ಪಾಲಿನಲ್ಲಿ ತಕರಾರು ಎದ್ದ ನಮ್ಮ ವಂಶದಲ್ಲಿ ಈ ಒಂದು ಆಸ್ತಿ ಮಾತ್ರ ಯಾವ ತಂಟೆಯೂ ಇಲ್ಲದೆ ಅಜ್ಜನಿಂದ ಅಪ್ಪನಿಗೂ ಅಪ್ಪನಿಂದ ನನಗೂ ಇಳಿದು ಬಂದಿತ್ತು. ಅದನ್ನು ಕಳೆದುಕೊಂಡದ್ದು ಹೇಗೆಂಬುದನ್ನು ಹೇಳಬೇಕಾದರೆ ಬೆಳಗಾವಿಯ ಶಹಾಪುರದಲ್ಲಿದ್ದ ಅಜ್ಜನ ತಂಬೂರಿಯಿಂದ ಮೊದಲು ಮಾಡಬೇಕು.

ಶಹಾಪುರ ಹಿಂದೆ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ. ಅಲ್ಲಿಯ ಹಿರಿಯರ ಮುಖ ಸಂಗೀತದ ಮಟ್ಟಿಗೆ ಯಾವಾಗಲೂ ಉತ್ತರಕ್ಕೆ, ಎಂದರೆ ಮಿರಜಿನ ಕಡೆಗೆ ತಿರುಗಿರುತ್ತಿತ್ತು. ತಂಬೂರಿ ಮಿರಜಿನದು, ಅಬ್ದುಲ್ ಕರೀಂ ಖಾನ್ ಸಾಹೇಬರೂ ಮಿರಜಿನವರೇ ಆಗಿಹೋಗಿದ್ದರು. ಖಾನ್ ಸಾಹೇಬರು 1937ರಲ್ಲಿ ತೀರಿಕೊಂಡ ಮೇಲೆ ಹಾಡುವವರು ಯಾರೂ ಉಳಿದಿಲ್ಲವೆಂದು ಅಜ್ಜನ ತೀರ್ಪು. ಆ ಮೇಲೆ ಬಂದವರನ್ನು ಆತ ಕೇಳುತ್ತಿದ್ದ, ತಲೆದೂಗುತ್ತಲೂ ಇದ್ದ. ಆದರೆ ತೀರ್ಪನ್ನು ಮಾತ್ರ ತಿದ್ದಲಿಲ್ಲ.

ನಾವಿದ್ದದ್ದು ಖಾನಾಪುರದಲ್ಲಿ. ಬೆಳಗಾವಿಯಿಂದ ಲೋಂಡಾ ಕಡೆಗೆ ಹೋಗುವ ಗಾಡಿಯಲ್ಲಿ ಕೂತರೆ ಒಂದು ತಾಸಿನೊಳಗೆ ಬರುವ ಊರು. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ ನಮ್ಮ ಊರ ಮಗ್ಗುಲಲ್ಲಿ ಹರಿಯುತ್ತಾಳೆ. ಮೃಗಶಿರೆಗೆ ಹಿಡಿದ ಮಳೆ ಒಮ್ಮೊಮ್ಮೆ ಗಣಪತಿ ಹಬ್ಬದವರೆಗೂ ಬಿಡುವುದಿಲ್ಲ. ನನ್ನ ತಂದೆಗೆ ಸಂಗೀತದಲ್ಲಿ ಅಜ್ಜನಷ್ಟು ಮಡಿ ಇರಲಿಲ್ಲ. ಬೆಳಗಾವಿಯಲ್ಲಿ ಮುಕ್ಕಾಂ ಮಾಡಿ ಮುಳುಗಿದ ಒಂದು ನಾಟಕ ಕಂಪನಿಯ ಸಾಮಾನು ಲಿಲಾವಾದಾಗ ಆತ ಒಂದು ಕಾಲುಪೇಟಿಯನ್ನು ಕೊಂಡು, ಚಕ್ಕಡಿಯಲ್ಲಿ ಹೇರಿಸಿ ಮನೆಗೆ ತಂದ. ಎರಡೂ ಕಾಲಿನಿಂದ ತಿದಿ ಒತ್ತುವ ವಿಲಾಯತಿ ಆರ್ಗನ್ ಅದು. ಮುಂಭಾಗದಲ್ಲಿ ತಯಾರಿಸಿದವರ ಹೆಸರು ಅರ್ಧ ಅಳಿಸಿಹೋಗಿತ್ತು. ಒಳಗೆ ಜಿರಲೆಗಳಿದ್ದವು. ಬಣ್ಣದ ಪುಡಿಯ ವಾಸನೆ ಇತ್ತು.

ಇಂಥ ಪೇಟಿ ನಮ್ಮ ಭಾಗಕ್ಕೆ ಹೊಸದೇನಲ್ಲ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲು ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲಿ. ಅವರ ‘ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂದ ನಂತರ ಒಂದು ತಲೆಮಾರು ಕಳೆಯುವುದರೊಳಗೆ ಪೇಟಿಯಿಲ್ಲದ ನಾಟಕ ಕಂಪನಿ ಎಂಬುದೇ ಇಲ್ಲವಾಯಿತು. ಬಾಲಗಂಧರ್ವರ ಮುಂದೆ ಆರ್ಗನ್ನು ನುಡಿಯುತ್ತಿತ್ತು. ನಮ್ಮ ಕನ್ನಡ ಕಂಪನಿಗಳು ಅದನ್ನೇ ಹಿಡಿದುವು. ‘ಪೇಟಿ ಮಾಸ್ತರ’ ಎಂದರೆ ಕಂಪನಿಯಲ್ಲಿ ಮಾಲೀಕನ ನಂತರದ ಮನುಷ್ಯ. ಪ್ಯಾರಿಸಿನಲ್ಲಿ ಡೆಬೇನ್ ಎಂಬವನು 1840ರ ದಶಕದ ಆರಂಭದಲ್ಲಿ ಹಕ್ಕು ಪಡೆದ ಯಂತ್ರ ಪಾದ್ರಿಗಳ ಜೊತೆ ಹಡಗು ಹತ್ತಿ ಬಂದು, ಪ್ರಾರ್ಥನಾ ಮಂದಿರದಿಂದ ನಾಟಕದ ಮಂಟಪಕ್ಕೆ ಇಷ್ಟು ಬೇಗ ನಡೆದು ಬಂದದ್ದು ಆಶ್ಚರ್ಯವೇ.

ಅಜ್ಜ ಆ ಪೇಟಿಯನ್ನು ನೋಡಿದ ದಿನ ಊಟ ಮಾಡಲಿಲ್ಲ. ಮುಂದಿನ ಸಲ ಬರುವಾಗ ತಂಬೂರಿಯನ್ನೇ ಗಾಡಿಯಲ್ಲಿ ಹೊತ್ತು ತಂದ. ಶ್ರುತಿ ಮಾಡಿ, ನನ್ನನ್ನು ಹತ್ತಿರ ಕೂರಿಸಿಕೊಂಡು, “ತಮ್ಮಾ, ಖರ್ಜದ ತಂತಿ ಮೀಟಿ ಸುಮ್ಮನ ಕೇಳು. ಅದರ ಹೊಟ್ಟ್ಯಾಗ ಇನ್ನೊಂದು ಸೂರ ಅದ” ಎಂದ. ಮೊದಲು ಏನೂ ಕೇಳಲಿಲ್ಲ. ಹತ್ತನೆಯ ಸಲಕ್ಕೋ ಇಪ್ಪತ್ತನೆಯ ಸಲಕ್ಕೋ ಯಾರೂ ಮೀಟದ ಗಾಂಧಾರವೊಂದು ತಂತಿಯೊಳಗಿಂದ ಮೆಲ್ಲಗೆ ಎದ್ದು ನಿಂತಿತು. “ಕೇಳಿಸ್ತು ಅಜ್ಜಾ!” ಎಂದೆ. “ಈಗ ಆ ಪೇಟಿಯ ಗಾಂಧಾರ ಒತ್ತು” ಎಂದ. ಒತ್ತಿದೆ. ಎರಡೂ ಗಾಂಧಾರಗಳು ಒಂದನ್ನೊಂದು ಕಂಡು ಜಗಳಕ್ಕೆ ನಿಂತವರಂತೆ ವ್ಹಂವ್ ವ್ಹಂವ್ ಎಂದು ಅಲೆಯಲಾರಂಭಿಸಿದುವು. ಅಜ್ಜ ಏನೂ ಹೇಳಲಿಲ್ಲ. ಎದ್ದು ಹೋಗಿ ಎಲೆ ಅಡಿಕೆ ಹಾಕಿಕೊಂಡ.

ಈ ಜಗಳ ನಮ್ಮ ಮನೆಯದು ಮಾತ್ರವಲ್ಲ, ದೇಶದ್ದೇ ಆಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬ ನಿವೃತ್ತ ಅಧಿಕಾರಿ ತಂತಿಯನ್ನು ಅಳೆದು ಅಳೆದು, ಅಬ್ದುಲ್ ಕರೀಂ ಖಾನರ ಕಂಠವನ್ನು ಸಾಕ್ಷಿಗೆ ಕರೆದು, 22 ಶ್ರುತಿಗಳ ಲೆಕ್ಕವನ್ನು 1910ರಲ್ಲಿ ಅಚ್ಚು ಹಾಕಿಸಿದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ಸಿವಿಲ್ ಅಧಿಕಾರಿ ಅವರ ಜೊತೆ ಸೇರಿದ. ಇಬ್ಬರೂ ಕೂಡಿ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದರು. 1916ರ ಬಡೋದೆಯ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ದೊಡ್ಡ ವಾದವೇ ನಡೆಯಿತು. ಅತ್ತ ರವೀಂದ್ರರಿಗೂ ಪೇಟಿ ಆಗುತ್ತಿರಲಿಲ್ಲ. ದಿಲ್ಲಿ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರನೇ ಹಾರ್ಮೋನಿಯಮ್ಮಿನ ವಿರುದ್ಧ ಬರೆದ. ಕೊನೆಗೆ 1940ರ ಮಾರ್ಚಿಯಿಂದ ಆಕಾಶವಾಣಿಯಲ್ಲಿ ಪೇಟಿಗೆ ಪ್ರವೇಶವಿಲ್ಲವೆಂದಾಯಿತು. 1971ರ ಹೊತ್ತಿಗೆ ಸಾಥಿಗೆ ಬಾಗಿಲು ತೆರೆಯಿತು; ತನಿ ವಾದನಕ್ಕೆ ಬಹುಕಾಲ ಮುಚ್ಚಿಯೇ ಇತ್ತು. 1950ರಲ್ಲಿ ಧಾರವಾಡದ ನಿಲಯ ಆರಂಭವಾದಾಗ ನಮ್ಮ ಕಡೆಯ ಪೇಟಿ ಮಾಸ್ತರರು ಹೊರಗೇ ನಿಂತರು. ಅಜ್ಜ ಇದನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಉದಾಹರಿಸುತ್ತಿದ್ದ.

ತಕರಾರಿನ ಬೇರು ಲೆಕ್ಕದಲ್ಲಿದೆ. ಷಡ್ಜದಿಂದ ಶುದ್ಧ ಪಂಚಮಕ್ಕೆ ಹತ್ತುವುದು, ಆ ಪಂಚಮವನ್ನೇ ಷಡ್ಜವೆಂದು ತಿಳಿದು ಇನ್ನೊಂದು ಪಂಚಮಕ್ಕೆ ಹತ್ತುವುದು, ಹೀಗೆ 12 ಸಲ ಹತ್ತಿದರೆ ಏಳು ಸಪ್ತಕ ಮೇಲಿನ ಷಡ್ಜ ಸಿಕ್ಕಬೇಕು. ಸಿಕ್ಕುವುದಿಲ್ಲ. ಅರ್ಧಸ್ವರದ ಕಾಲುಭಾಗಕ್ಕಿಂತ ತುಸು ಕಡಿಮೆಯಷ್ಟು ಮೇಲೆ ಹೋಗಿಬಿಡುತ್ತೇವೆ. ದೇವರು ಗಣಿತದಲ್ಲಿ ಮಾಡಿದ ತಪ್ಪು ಇದು ಎಂದರೂ ಸಲ್ಲುತ್ತದೆ. ಒಂದೇ ಷಡ್ಜವನ್ನು ಹಿಡಿದು ರಾತ್ರಿಯೆಲ್ಲ ಹಾಡುವ ನಮಗೆ ಈ ತಪ್ಪು ಬಾಧಿಸುವುದಿಲ್ಲ. ಷಡ್ಜವನ್ನೇ ಮನೆಯಿಂದ ಮನೆಗೆ ಒಯ್ಯುವವರಿಗೆ ಮಾತ್ರ ಅದು ತಲೆನೋವು. ಅವರು ಆ ಹೆಚ್ಚುವರಿಯನ್ನು ಹನ್ನೆರಡೂ ಸ್ವರಗಳಿಗೆ ಹಂಚಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ನಷ್ಟ ಮಾಡಿ, ಸಂಸಾರವನ್ನು ಸಾಗಿಸಿದರು. ಇಂದಿನ ಸಮವಿಭಾಗದ ಪೇಟಿಯಲ್ಲಿ ಹೆಚ್ಚು ನಷ್ಟಕ್ಕೊಳಗಾದವುಗಳಲ್ಲಿ ಒಂದು ಗಾಂಧಾರ: ತಂಬೂರಿಯ ಗಾಂಧಾರಕ್ಕಿಂತ ಅದು ಅರ್ಧಸ್ವರದ ಏಳನೆಯ ಒಂದು ಪಾಲಿನಷ್ಟು ಏರಿ ನಿಂತಿರುತ್ತದೆ. ಅಜ್ಜ ನನಗೆ ಕೇಳಿಸಿದ್ದು ಇದನ್ನೇ.

ಇಂಥದೊಂದು ಹೊಂದಾಣಿಕೆಯನ್ನು ನಂಬಿ 1722ರಲ್ಲಿ ಒಬ್ಬ ಜರ್ಮನ್ ಸಂಗೀತಗಾರ ಹನ್ನೆರಡು ಸ್ವರಗಳಲ್ಲಿ ಒಂದೊಂದನ್ನೂ ಷಡ್ಜವಾಗಿಟ್ಟುಕೊಂಡು, ಒಂದೊಂದಕ್ಕೂ ತೀವ್ರ ಗಾಂಧಾರದ್ದೊಂದು ಕೋಮಲ ಗಾಂಧಾರದ್ದೊಂದು ಎಂದು ಎರಡೆರಡು ಜೋಡಿ ರಚನೆಗಳನ್ನು, ಒಟ್ಟು 24 ಜೋಡಿಗಳನ್ನು ಬರೆದಿಟ್ಟ. ‘ಚೆನ್ನಾಗಿ ಹದಗೊಳಿಸಿದ ವಾದ್ಯ’ ಎಂದು ಅದರ ಹೆಸರಿನ ಅರ್ಥ. ಅವನ ಹದ ಇಂದಿನ ಸಮವಿಭಾಗವೇ ಆಗಿರಲಿಲ್ಲವೆಂದೂ ಪ್ರತಿಯೊಂದು ಮನೆಗೂ ಅದರದೇ ಬಣ್ಣ ಉಳಿಯುವಂತೆ ಶ್ರುತಿ ಮಾಡುತ್ತಿದ್ದನೆಂದೂ ಬಲ್ಲವರಲ್ಲಿ ಅನೇಕರು ಹೇಳುತ್ತಾರೆ. ಯೋಹಾನ್ ಸೆಬಾಸ್ಟಿಯನ್ ಬಾಖ್ ಅವನ ಹೆಸರು. ನಮ್ಮ ಕಾಲುಪೇಟಿಯ ಮೇಲೆ ಅಜ್ಜ ಹೊರಿಸಿದ ಅಪರಾಧಕ್ಕೆ ಇವನನ್ನೇ ಮುಖ್ಯ ಆರೋಪಿಯೆಂದು ಕಟಕಟೆಗೆ ಕರೆಯಬಹುದಾಗಿತ್ತು.

ನನಗೆ ಅವನ ಪರಿಚಯ ಮಾಡಿಕೊಟ್ಟವರು ಖಾನಾಪುರದಲ್ಲೇ ಇದ್ದ ಒಬ್ಬ ವಯಸ್ಸಾದ ಮಾಸ್ತರರು. ಗೋವೆಯಿಂದ ಘಟ್ಟ ಹತ್ತಿ ಬಂದು ನಮ್ಮ ತಾಲೂಕಿನಲ್ಲಿ ನೆಲೆಸಿದ ಕ್ರೈಸ್ತ ಕುಟುಂಬಗಳು ಹಲವು; ಅಂಥ ಒಂದು ಮನೆಯವರು. ಗೋವೆಯಲ್ಲಿ ಪೋರ್ತುಗೀಜರ ಕಾಲದಿಂದಲೂ ಇಗರ್ಜಿಯ ಶಾಲೆಗಳಲ್ಲಿ ಹುಡುಗರಿಗೆ ಅಕ್ಷರದ ಜೊತೆಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಮುಂಬಯಿಯ ಬ್ಯಾಂಡುಗಳಿಗೂ ಮುಂದೆ ಹಿಂದಿ ಚಿತ್ರಗಳ ವಾದ್ಯವೃಂದಗಳಿಗೂ ಜನ ಒದಗಿದ್ದು ಈ ಶಾಲೆಗಳಿಂದಲೇ. ನಮ್ಮ ಮಾಸ್ತರರೂ ಮುಂಬಯಿಯಲ್ಲಿ ಬಹಳ ವರ್ಷ ಪಿಟೀಲು ಬಾರಿಸಿ, ಬೆರಳು ಸೆಡೆತು, ಊರಿಗೆ ಹಿಂದಿರುಗಿದ್ದರು. 1964ರ ಮಳೆಗಾಲದಲ್ಲಿ, ನನಗೆ ಆಗ ಹನ್ನೆರಡು ವರ್ಷ, ಒಂದು ಸಂಜೆ ನಾನು ನಾಟಕದ ಪದವೊಂದನ್ನು ಪೇಟಿಯ ಮೇಲೆ ಹಿಂಸಿಸುತ್ತಿದ್ದಾಗ ಛತ್ರಿ ಮಡಚಿ ಪಡಸಾಲೆಗೆ ಬಂದರು. “ಪುತಾ, ನಿನಗೆ ಎರಡು ಕೈ ಇದೆ. ಒಂದೇ ಯಾಕೆ ಉಪಯೋಗಿಸ್ತೀ?” ಎಂದು ಕೇಳಿದರು.

ಪ್ರಶ್ನೆ ಸಣ್ಣದು. ಆದರೆ ಕೈಪೇಟಿಯವನಿಗೆ ಅದು ಹೊಳೆಯುವುದೇ ಇಲ್ಲ, ಏಕೆಂದರೆ ಅವನ ಎಡಗೈ ತಿದಿಗೆ ಮೀಸಲು. ಕಾಲುಪೇಟಿಯಲ್ಲಿ ಗಾಳಿಯ ಕೆಲಸ ಕಾಲಿಗೆ ಹೋದದ್ದರಿಂದ ಎಡಗೈಯೂ ಹಾಡಬಲ್ಲುದು. ಅವರು ನನ್ನ ಪಕ್ಕಕ್ಕೆ ಕೂತು ಆ 24 ಜೋಡಿಗಳಲ್ಲಿ ಮೊದಲನೆಯದರ ಮುನ್ನುಡಿಯನ್ನು, ಸೆಡೆತ ಬೆರಳುಗಳಿಂದಲೇ, ಬಹು ಸಾವಕಾಶವಾಗಿ ಬಾರಿಸಿದರು. ಅದರಲ್ಲಿ ಹಾಡು ಎಂಬುದೇ ಇಲ್ಲ. ಸ್ವರಗುಚ್ಛವೊಂದನ್ನು ಬಿಡಿಸಿ ಬಿಡಿಸಿ ಇಡುವುದು, ಅದನ್ನೇ ಮತ್ತೊಮ್ಮೆ ಇಡುವುದು, ಒಂದು ಸ್ವರ ಬದಲಿಸಿ ಮುಂದಿನ ಗುಚ್ಛಕ್ಕೆ ಹೋಗುವುದು. ಹೀಗೆ 35 ಪಟ್ಟು. ಹೊರಗೆ ಹಂಚಿನ ಮೇಲಿಂದ ನೀರು ಇಳಿಯುವುದೂ ಅದೇ ರೀತಿ ಇತ್ತು. ಇದರ ಮೇಲೆಯೇ ಫ್ರಾನ್ಸಿನ ಗುನೋ ಎಂಬವನು ನೂರಕ್ಕೂ ಹೆಚ್ಚು ವರ್ಷಗಳ ನಂತರ ಒಂದು ಹಾಡನ್ನು ಕೂರಿಸಿದ. ‘ಆವೆ ಮರಿಯಾ’ ಎಂದು ಅದು ಇಂದಿಗೂ ಮದುವೆಗಳಲ್ಲಿ ಕೇಳಿಬರುತ್ತದೆ. ಮಾಸ್ತರರಿಗೆ ಅದು ಅಷ್ಟಾಗಿ ಸೇರುತ್ತಿರಲಿಲ್ಲ. ಗೋಡೆಗೆ ಮೊಳೆ ಹೊಡೆದು ಚಿತ್ರ ತೂಗುಹಾಕಿದ ಹಾಗೆ ಎನ್ನುತ್ತಿದ್ದರು.

ಮುನ್ನುಡಿಯ ನಂತರ ಬರುವುದು ಫ್ಯೂಗ್. ಅದನ್ನು ನಮ್ಮವರಿಗೆ ಹೇಗೆ ಹೇಳಿ ತಿಳಿಸುವುದು? ಭಜನೆಯಲ್ಲಿ ಒಂದು ಮೇಳ ಚರಣ ಹೇಳುತ್ತದೆ, ಎದುರಿನ ಮೇಳ ಅದನ್ನೇ ಹಿಡಿಯುತ್ತದೆ. ಇದೂ ಹಾಗೆಯೇ. ಆದರೆ ಭಜನೆಯಲ್ಲಿ ಮೊದಲನೆಯ ಮೇಳ ಸುಮ್ಮನಾಗಿ ದಾರಿ ಬಿಡುತ್ತದೆ. ಬಾಖನಲ್ಲಿ ಅದು ಸುಮ್ಮನಾಗುವುದಿಲ್ಲ. ಎರಡನೆಯವನು ಪಂಚಮದಿಂದ ಅದೇ ಮಾತನ್ನು ಎತ್ತಿದಾಗ ಮೊದಲನೆಯವನು ಬೇರೊಂದು ಮಾತನ್ನು, ಇವನ ಮಾತಿಗೆ ಒಪ್ಪುವಂಥದನ್ನು, ಹೇಳುತ್ತಲೇ ಇರುತ್ತಾನೆ. ಆಮೇಲೆ ಮೂರನೆಯವನು, ನಾಲ್ಕನೆಯವನು. ಮೊದಲ ಫ್ಯೂಗಿನಲ್ಲಿ ನಾಲ್ಕು ಧ್ವನಿಗಳಿವೆ, 27 ಪಟ್ಟುಗಳೊಳಗೆ ಆ ಒಂದು ಮಾತು 24 ಸಲ ಬರುತ್ತದೆ. ಎಲ್ಲರೂ ಒಟ್ಟಿಗೆ ಮಾತನಾಡುವುದಾದರೆ ನಮ್ಮ ಪಂಚಾಯತಿಗಿಂತ ಇದು ಹೇಗೆ ಬೇರೆ ಎಂದು ನಾನು ಕೇಳಿದ್ದುಂಟು. “ಪಂಚಾಯತಿಯಲ್ಲಿ ಯಾರೂ ಕೇಳುವುದಿಲ್ಲ ಪುತಾ, ಇಲ್ಲಿ ನಾಲ್ಕೂ ಜನ ಕೇಳ್ತಾ ಕೇಳ್ತಾ ಮಾತಾಡ್ತಾರೆ” ಎಂದರು.

ಅವರು ಕೊಟ್ಟ ಉಪಾಯವನ್ನು ವಾಚಕರಿಗೂ ಹೇಳುತ್ತೇನೆ. ಒಂದು ದಿನ ಕೆಳಗಿನ ಧ್ವನಿಯೊಂದನ್ನೇ ಹಿಡಿದು ಕೇಳಬೇಕು. ಮೇಲೆ ಏನಾದರೂ ಆಗಲಿ. ಮರುದಿನ ಮೇಲಿನದು. ಕಿವಿಯನ್ನು ಹೊಕ್ಕು ಹೊರಡುವ ನಡುವಿನ ಎರಡು ಧ್ವನಿಗಳು ಬಹಳ ಕಷ್ಟ. ಅವಕ್ಕೆ ನನಗೆ ಎರಡು ಮಳೆಗಾಲ ಬೇಕಾದುವು. ಮಾಸ್ತರರ ಮನೆಯಲ್ಲಿ ಗ್ರಾಮಫೋನ್ ಇತ್ತು, ಪ್ಲೇಟುಗಳು ಕೆಲವೇ, ಮುಳ್ಳು ಸವೆದದ್ದು. ಈಗ ಬೆರಳ ತುದಿಯಲ್ಲಿ ಬಾಖನ ಎಲ್ಲ ಕೃತಿಗಳೂ ಸಿಕ್ಕುವ ಕಾಲದಲ್ಲಿ ಒಂದೇ ಪ್ಲೇಟನ್ನು ಎರಡು ವರ್ಷ ಕೇಳಿದೆನೆಂದರೆ ಮೊಮ್ಮಕ್ಕಳು ನಗುತ್ತಾರೆ.

ಮನುಷ್ಯ ಎಂಥವನಾಗಿದ್ದ? ಹುಟ್ಟಿದ್ದು 1685ರಲ್ಲಿ, ಐಸೆನಾಖ್ ಎಂಬ ಊರಿನಲ್ಲಿ. ಮರುವರ್ಷವೇ ಇತ್ತ ಬಿಜಾಪುರ ಔರಂಗಜೇಬನ ಕೈಸೇರಿತು. ನಮ್ಮ ಚೀಕಲಪರವಿಯ ವಿಜಯದಾಸರು ಅವನಿಗಿಂತ ಮೂರು ವರ್ಷ ಹಿರಿಯರು. ದಿಲ್ಲಿಯಲ್ಲಿ ಮಹಮ್ಮದ್ ಷಾನ ಆಸ್ಥಾನದ ಸದಾರಂಗ ಖಯಾಲನ್ನು ಕಟ್ಟುತ್ತಿದ್ದಾಗಲೇ ಇವನು ಅಲ್ಲಿ ಫ್ಯೂಗುಗಳನ್ನು ಕಟ್ಟುತ್ತಿದ್ದ. ಹತ್ತನೆಯ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಅಣ್ಣನ ಮನೆ ಸೇರಿದ. ಅಣ್ಣ ಬೀಗ ಹಾಕಿಟ್ಟಿದ್ದ ಸ್ವರಲಿಪಿಯ ಪುಸ್ತಕವನ್ನು ಬೀರುವಿನ ಜಾಲರಿಯೊಳಗಿಂದ ಎಳೆದು, ಆರು ತಿಂಗಳು ಬೆಳದಿಂಗಳಲ್ಲಿ ಪ್ರತಿ ಮಾಡಿಕೊಂಡನಂತೆ. ಪತ್ತೆಯಾದಾಗ ಅಣ್ಣ ಪ್ರತಿಯನ್ನು ಕಿತ್ತುಕೊಂಡ. 1705ರಲ್ಲಿ, ಇಪ್ಪತ್ತು ವರ್ಷದವನಿದ್ದಾಗ, ಲ್ಯೂಬೆಕ್ ನಗರದ ಬುಕ್ಸ್ಟೆಹೂಡ ಎಂಬ ಹಿರಿಯ ಆರ್ಗನ್ ವಾದಕನನ್ನು ಕೇಳಲು ಸುಮಾರು 400 ಕಿಲೋಮೀಟರ್ ನಡೆದೇ ಹೋದ. ಬೆಳಗಾವಿಯಿಂದ ಪುಣೆಯನ್ನೂ ದಾಟಿದಷ್ಟು ದಾರಿ. ನಾಲ್ಕು ವಾರದ ರಜೆ ಪಡೆದವನು ನಾಲ್ಕು ತಿಂಗಳಷ್ಟು ಕಾಲ ಅಲ್ಲೇ ಉಳಿದ; ಬಂದ ಮೇಲೆ ಇಗರ್ಜಿಯ ಅಧಿಕಾರಿಗಳಿಂದ ಛೀಮಾರಿ. ಗದಗಿನಿಂದ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟ ಹನ್ನೊಂದು ವರ್ಷದ ಭೀಮಸೇನನ ಕಥೆ ಕೇಳಿ ಬೆಳೆದ ನಮಗೆ ಈ ಹುಚ್ಚು ಅಪರಿಚಿತವಲ್ಲ.

ಒಡೆಯನ ಕೆಲಸ ಬಿಡುತ್ತೇನೆಂದು ಹಟ ಹಿಡಿದದ್ದಕ್ಕೆ 1717ರಲ್ಲಿ ಸುಮಾರು ನಾಲ್ಕು ವಾರ ಜೈಲು ಕಂಡ. 1723ರಲ್ಲಿ ಲೈಪ್‌ಜಿಗ್‌ನ ಸಂತ ತೋಮಸರ ಶಾಲೆಗೆ ಸಂಗೀತದ ಅಧ್ಯಾಪಕನಾಗಿ ಬಂದ. ಬಂದದ್ದಾದರೂ ಹೇಗೆ! ನಗರಸಭೆಯವರಿಗೆ ಬೇಕಾಗಿದ್ದವನು ಟೆಲೆಮಾನ್, ಅವನು ಒಲ್ಲೆನೆಂದ. ಗ್ರೌಪ್ನರ್ ಎಂಬವನನ್ನು ಅವನ ಒಡೆಯ ಬಿಡಲಿಲ್ಲ. ಆಗ ಬಾಖ್. ಮೊದಲ ಕೆಲವು ವರ್ಷ ಹೆಚ್ಚು ಕಡಿಮೆ ವಾರಕ್ಕೊಂದರಂತೆ ಭಾನುವಾರದ ಕ್ಯಾಂಟಾಟಾಗಳನ್ನು ಬರೆದ. ಉಳಿದು ಬಂದವು ಸುಮಾರು 200. ಇಬ್ಬರು ಹೆಂಡಿರಲ್ಲಿ 20 ಮಕ್ಕಳು, ದೊಡ್ಡವರಾದವರು ಹತ್ತು. ಕಣ್ಣು ಹೋಗಿ, ಟೇಲರ್ ಎಂಬ ಇಂಗ್ಲಿಷ್ ವೈದ್ಯ ಎರಡು ಸಲ ಶಸ್ತ್ರ ಮಾಡಿ, 1750ರಲ್ಲಿ ತೀರಿಕೊಂಡ. ಅದೇ ಟೇಲರನ ಕೈ ಮುಂದೆ ಹ್ಯಾಂಡೆಲನ ಕಣ್ಣಿಗೂ ತಗಲಿತು.

ಆಮೇಲೆ ಮರೆವು. ಸಾಮಾನ್ಯ ಶ್ರೋತೃಗಳಿಗೆ ಬಾಖನ ಹೆಸರು ಹಳೆಯ ಪೆಟ್ಟಿಗೆಯ ಬಟ್ಟೆಯಾಯಿತು. ಸಂಗೀತ ಕಲಿಯುವವರು ಮಾತ್ರ ಆ 24 ಜೋಡಿಗಳನ್ನು ಗುಟ್ಟಾಗಿ ಕೈಯಿಂದ ಕೈಗೆ ದಾಟಿಸಿದರು. 1829ರ ಮಾರ್ಚಿಯಲ್ಲಿ ಮೆಂಡೆಲ್‌ಸೋನ್ ಎಂಬ ಇಪ್ಪತ್ತು ವರ್ಷದ ತರುಣ ಬರ್ಲಿನ್ನಿನಲ್ಲಿ ‘ಮತ್ತಾಯನ ಪ್ಯಾಶನ್’ ಎಂಬ ಮಹಾಕೃತಿಯನ್ನು ಹಾಡಿಸಿದಾಗ ಜನ ಬೆಚ್ಚಿ ಎಚ್ಚೆತ್ತರು. ಬರ್ಲಿನ್ನಿನವರು ಮತ್ತೆ ಬಾಖನನ್ನು ಪಡೆದು ಎರಡು ವರ್ಷ ತುಂಬುವುದರೊಳಗೆ, 1831ರ ಜನವರಿಯಲ್ಲಿ, ನಮ್ಮ ಖಾನಾಪುರ ತಾಲೂಕಿನ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ನಂದಗಡದ ಆಲದ ಮರದ ಹತ್ತಿರ ಹೋದಾಗಲೆಲ್ಲ ನನಗೆ ನೆನಪಾಗುತ್ತದೆ, ಅಷ್ಟೆ.

ಇನ್ನು ಅಜ್ಜನ ವಿಷಯ. 1966ರ ಶ್ರಾವಣದಲ್ಲಿ ಆತ ಖಾನಾಪುರಕ್ಕೆ ಬಂದಾಗ ನಾನು ಧೈರ್ಯ ಮಾಡಿ ಆ ಮುನ್ನುಡಿಯನ್ನು ಬಾರಿಸಿದೆ. ಕಣ್ಣು ಮುಚ್ಚಿ ಕೂತವನು ಹನ್ನೊಂದನೆಯ ಪಟ್ಟಿನ ಹತ್ತಿರ, ರಚನೆ ಪಂಚಮವನ್ನೇ ಷಡ್ಜ ಮಾಡಿಕೊಂಡು ನಿಂತಾಗ, ಗಡಬಡಿಸಿ ಕಣ್ಣು ತೆರೆದ. “ಸಾ ಎಲ್ಲಿ ಹೋತೋ?” ಎಂದ. “ಬರ್ತದ ಅಜ್ಜಾ, ತಡೀರಿ” ಎಂದೆ. ಹತ್ತೊಂಬತ್ತರಲ್ಲಿ ಅದು ಹಿಂದಿರುಗಿತು, ಮತ್ತೆ ಹೊರಟಿತು. ಇಪ್ಪತ್ನಾಲ್ಕನೆಯ ಪಟ್ಟಿನಿಂದ ಎಡಗೈಯಲ್ಲಿ ಮಂದ್ರ ಪಂಚಮ ಒಂದೇ ನಿಲ್ಲುತ್ತದೆ. ಮೇಲೆ ಏನೆಲ್ಲ ಮೋಡ ಕವಿದರೂ ಎಂಟು ಪಟ್ಟು ಅದು ಅಲುಗುವುದಿಲ್ಲ. ಆಮೇಲೆ ಖರ್ಜದ ಷಡ್ಜ, ಕೊನೆಯ ನಾಲ್ಕು ಪಟ್ಟು. ತಂಬೂರಿಯವನು ಅದನ್ನು ಗುರುತಿಸದೆ ಇರುತ್ತಾನೆಯೇ? ಅಜ್ಜನ ಬಲಗೈ ಬೆರಳುಗಳು ತೊಡೆಯ ಮೇಲೆ ತಂತಿ ಮೀಟುವಂತೆ ಆಡುತ್ತಿದ್ದುವು. ಮುಗಿದ ಮೇಲೆ, “ಗಾಂಧಾರ ಸುಳ್ಳ” ಎಂದ. ತುಸು ಹೊತ್ತು ಬಿಟ್ಟು, “ಇನ್ನೊಮ್ಮೆ ಬಾರ್ಸು” ಎಂದ. ಪಾಶ್ಚಾತ್ಯ ಸಂಗೀತದ ಬಗ್ಗೆ ಆತ ಅದಕ್ಕಿಂತ ಹೆಚ್ಚು ಯಾವತ್ತೂ ಹೇಳಲಿಲ್ಲ. ತೀರ್ಪನ್ನೂ ತಿದ್ದಲಿಲ್ಲ.

ನಾನು ಮುಂದೆ ನೌಕರಿಗೆಂದು ಬೆಳಗಾವಿ ಸೇರಿದಾಗ ಪೇಟಿಯ ಮಾನ ಹೆಚ್ಚಿಸಿದವರೊಬ್ಬರು ಅಲ್ಲೇ ಇದ್ದರು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯನ್ನೇ ಮನೆ ಮಾಡಿಕೊಂಡ ರಾಮಭಾವು ಬಿಜಾಪುರೆಯವರು. 2010ರಲ್ಲಿ ತೀರಿಕೊಳ್ಳುವವರೆಗೆ ಎಷ್ಟು ತಲೆಮಾರಿನ ಗಾಯಕರಿಗೆ ಸಾಥಿ ಕೊಟ್ಟರೋ! ಅವರ ತನಿ ವಾದನವನ್ನು ಕೇಳಿದವರಿಗೆ ಈ ವಾದ್ಯದಿಂದ ಮೀಂಡು ಸಾಧ್ಯವಿಲ್ಲವೆಂಬ ಶಾಸ್ತ್ರ ಕೆಲಕಾಲ ಮರೆತುಹೋಗುತ್ತಿತ್ತು. ಹಟ್ಟಿ ಹಟ್ಟಿ ಸ್ವರಗಳ ನಡುವಿನ ಜಾಗವನ್ನು ಅವರು ಬೆರಳಿನ ಒತ್ತಡದಿಂದಲೂ ಗಾಳಿಯ ಬಿಗಿ ಸಡಿಲದಿಂದಲೂ ತುಂಬಿಬಿಡುತ್ತಿದ್ದರು. ಬಾಖ್ ಯಂತ್ರದ ಕೊರತೆಯನ್ನು ಧ್ವನಿಗಳ ಸಂಖ್ಯೆಯಿಂದ ಗೆದ್ದ. ಇವರು ಒಂದೇ ಧ್ವನಿಯಿಂದ ಗೆದ್ದರು. ಯಾರದು ಹೆಚ್ಚಿನ ಕೆಲಸವೆಂದು ನನ್ನನ್ನು ಕೇಳಿದರೆ ನಾನು ದಿನಕ್ಕೊಂದು ಉತ್ತರ ಹೇಳಿಯೇನು.

ಬಿಜಾಪುರೆಯವರ ಗುರುಗಳಲ್ಲಿ ರಾಮಕೃಷ್ಣಬುವಾ ವಝೆಯವರೂ ಒಬ್ಬರು. ಅದೇ ವಝೆಬುವಾ ಅವರಲ್ಲಿ ಕೆಲಕಾಲ ಕಲಿತವರು ಗೋವೆಯ ಕೇಸರಬಾಯಿ ಕೇರಕರ. 1977ರಲ್ಲಿ ಅಮೆರಿಕೆಯವರು ಎರಡು ವಾಯೇಜರ್ ನೌಕೆಗಳನ್ನು ಆಕಾಶಕ್ಕೆ ಬಿಟ್ಟಾಗ ಪ್ರತಿಯೊಂದರಲ್ಲೂ ಚಿನ್ನದ ಲೇಪದ ಪ್ಲೇಟೊಂದನ್ನು ಇಟ್ಟರು, ಭೂಮಿಯ ಸಂಗೀತದ ಮಾದರಿ ಎಂದು. ಅದರಲ್ಲಿ 27 ತುಣುಕುಗಳಿವೆ. ಮೂರು ಬಾಖನವು, ಮೂರರಲ್ಲಿ ಒಂದು ಆ ಜೋಡಿಗಳ ಎರಡನೆಯ ಸಂಪುಟದ ಮೊದಲನೆಯದು. ಭಾರತದ್ದು ಒಂದೇ, ಕೇಸರಬಾಯಿಯವರ ಭೈರವಿ. ಎರಡನೆಯ ನೌಕೆ ಹಾರಿದ ಹನ್ನೊಂದು ದಿನಕ್ಕೆ ಆಕೆ ತೀರಿಕೊಂಡರು. ಅಜ್ಜ ಆಗ ಬದುಕಿರಲಿಲ್ಲ; ಇದ್ದಿದ್ದರೆ ಖಾನ್ ಸಾಹೇಬರ ಪ್ಲೇಟು ಯಾಕೆ ಇಡಲಿಲ್ಲವೆಂದು ಮೊದಲು ಕೇಳುತ್ತಿದ್ದ.

ಮಾಸ್ತರರೂ ಹೋದರು. ಇಳಯರಾಜ 1986ರಲ್ಲಿ ಬಾಖನನ್ನು ತಮ್ಮ ಮನೆಗೇ ಕರೆತಂದು ಕೂರಿಸಿದ ಧ್ವನಿಸುರುಳಿಯನ್ನು ಅವರು ಕೇಳಬೇಕಿತ್ತು. ಕನ್ನಡ ಚಿತ್ರಗಳಲ್ಲಿ ಜಿ. ಕೆ. ವೆಂಕಟೇಶರ ಸಹಾಯಕರಾಗಿ ದುಡಿದ ಆ ಮನುಷ್ಯ ಬಾಖನ ಪಿಟೀಲಿನ ಪಾರ್ಟಿಟಾ ಒಂದನ್ನು ನಮ್ಮ ತಂತಿಗಳ ನಡುವೆ ನಿಲ್ಲಿಸಿದ ರೀತಿ ಅವರಿಗೆ ಹಿಡಿಸುತ್ತಿತ್ತೆಂದೇ ನನ್ನ ಎಣಿಕೆ.

ಕಾಲುಪೇಟಿ ಖಾನಾಪುರದ ಮನೆಯಲ್ಲಿಯೇ ಇದೆ. ತಿದಿಯ ಚರ್ಮವನ್ನು ಎರಡು ಸಲ ಬದಲಿಸಿದ್ದಾಗಿದೆ. ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಕೋಮಲ ಗಾಂಧಾರದ ಪಟ್ಟಿ ಒಳಗೇ ಕೂತುಬಿಡುತ್ತದೆ, ಮೇಲೇಳುವುದಿಲ್ಲ. ಆದ್ದರಿಂದ ಎರಡನೆಯ ಜೋಡಿಯನ್ನು ದೀಪಾವಳಿಯ ಬಿಸಿಲಿಗೆ ಇಟ್ಟುಕೊಂಡು, ಆಷಾಢದಿಂದ ಭಾದ್ರಪದದವರೆಗೆ ಮೊದಲನೆಯದನ್ನೇ ಬಾರಿಸುತ್ತೇನೆ.